ರಕ್ತ, ಮೂತ್ರ, ಮಲ, ಕಫ: ಲ್ಯಾಬ್ ಟೆಸ್ಟಿಗೆ ತಯಾರಾಗೋದು ಹೇಗೆ? ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ರಿಪೋರ್ಟಿನಲ್ಲಿ ಏನೋ ಎಡವಟ್ಟಾಗಿದೆ ಅಂದ ಕೂಡಲೇ ಎಲ್ಲರೂ ಬೈಯುವುದು ಲ್ಯಾಬಿನ ಮಷಿನ್ನನ್ನು. ಮಷಿನ್ ಪಾಪ, ಕೊಟ್ಟಿದ್ದನ್ನು ಅಳೆಯುತ್ತದೆ. ಕೊಟ್ಟ ರಕ್ತವೇ ಕಾಫಿ ಕುಡಿದು ಬಂದವರದ್ದಾದರೆ, ಮೂತ್ರ ಮೂರು ಗಂಟೆ ಬಸ್ಸಿನಲ್ಲಿ ಕುಲುಕಿ ಬಂದಿದ್ದರೆ, ಅದು ಏನು ಮಾಡೀತು? ಲ್ಯಾಬ್ ಕೌಂಟರಿನ ಒಳಗಡೆ ಕೂತು ಕೆಲಸ ಮಾಡುವವನಾಗಿ ನನಗೆ ಕಾಣುವುದು ಇಷ್ಟು: ರಿಪೋರ್ಟಿನ ಅರ್ಧ ಕೆಲಸ ಮುಗಿಯುವುದು ನಿಮ್ಮ ಮನೆಯಲ್ಲಿ. ನಮ್ಮ ಕಡೆ ಊರಿಂದ ಊರಿಗೆ ದೂರ ಬೇರೆ. ಮಳೆ, ಘಾಟಿ, ಕರೆಂಟ್ ಇಲ್ಲದ ರಾತ್ರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಬೆಂಗಳೂರಿನವರಿಗೆ ಬರೆದ ಸೂಚನೆ ಹೊಸನಗರದವರಿಗೆ ಪೂರ್ತಿ ಸಾಲುವುದಿಲ್ಲ.

ಚೀಟಿ ಕೈಗೆ ಬಂದಾಗಲೇ ಕೇಳಬೇಕಾದ್ದು

ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಎದ್ದು ಬರುವ ಮೊದಲು ಮೂರು ವಿಷಯ ಕೇಳಿ. ಖಾಲಿ ಹೊಟ್ಟೆಯಲ್ಲಿ ಕೊಡಬೇಕಾ? ಈಗ ತಗೊಳ್ಳುತ್ತಿರುವ ಮಾತ್ರೆ ಅವತ್ತು ಬೆಳಗ್ಗೆ ನುಂಗಬಹುದಾ? ಈ ಟೆಸ್ಟ್ ಇಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುತ್ತದಾ, ಶಿವಮೊಗ್ಗಕ್ಕೇ ಹೋಗಬೇಕಾ?

ಮೂರನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್. ಶುಗರ್ ಇರುವ ಅಜ್ಜಿಯನ್ನು ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸಿಗೆ ಹತ್ತಿಸಿ ಮೆಗ್ಗಾನ್ ಆಸ್ಪತ್ರೆಯವರೆಗೂ ಕರೆದುಕೊಂಡು ಬರುವ ಬದಲು, ಫಾಸ್ಟಿಂಗ್ ರಕ್ತವನ್ನು ಊರಿನ ಹತ್ತಿರವೇ ಕೊಟ್ಟು, ತಿಂಡಿ ತಿನ್ನಿಸಿ, ರಿಪೋರ್ಟ್ ಹಿಡಿದು ಆರಾಮಾಗಿ ಬರಬಹುದು. ಸಕ್ಕರೆ, ಹಿಮೋಗ್ಲೋಬಿನ್, ಮೂತ್ರದಂಥ ಸಾಮಾನ್ಯ ಟೆಸ್ಟುಗಳಿಗೆ ಶಿವಮೊಗ್ಗದವರೆಗೆ ಬರುವ ಅಗತ್ಯವೇ ಇಲ್ಲ.

ಎಲ್ಲ ಟೆಸ್ಟಿಗೂ ಉಪವಾಸ ಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ರಕ್ತದ ಕಣಗಳ ಎಣಿಕೆ ಅಂದರೆ ಸಿಬಿಸಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್, ವಿಟಮಿನ್ ಡಿ, ಡೆಂಗ್ಯೂ ಟೆಸ್ಟ್, ಇವಕ್ಕೆಲ್ಲ ಉಪವಾಸ ಬೇಡ. ಬೇಕಾಗುವುದು ಫಾಸ್ಟಿಂಗ್ ಶುಗರಿಗೆ ಮತ್ತು ಡಾಕ್ಟರು ಹೇಳಿದ್ದರೆ ಕೊಲೆಸ್ಟ್ರಾಲ್ ಟೆಸ್ಟಿಗೆ. ಕೊಲೆಸ್ಟ್ರಾಲಿಗೂ ಈಗೀಗ ಎಷ್ಟೋ ಡಾಕ್ಟರುಗಳು ಉಪವಾಸ ಕೇಳುವುದಿಲ್ಲ. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಜಾಸ್ತಿ ಇದ್ದವರಿಗೆ ಮಾತ್ರ ಕೇಳುತ್ತಾರೆ.

ಹಿಂದಿನ ರಾತ್ರಿಯ ಲೆಕ್ಕ

ಫಾಸ್ಟಿಂಗ್ ಶುಗರಿಗೆ ಕಡಿಮೆ ಅಂದರೂ 8 ಗಂಟೆ ಏನೂ ತಿಂದಿರಬಾರದು. ಕೊಲೆಸ್ಟ್ರಾಲಿಗೆ ಹೇಳಿದ್ದರೆ 9ರಿಂದ 12 ಗಂಟೆ. ರಾತ್ರಿ ಎಂಟೂವರೆಗೆ ಊಟ ಮುಗಿಸಿದರೆ ಬೆಳಗ್ಗೆ ಏಳಕ್ಕೆ ಎರಡಕ್ಕೂ ಸರಿಹೋಗುತ್ತದೆ. ನೀರು ಕುಡಿಯಬಹುದು, ಕುಡಿಯಲೇಬೇಕು. ನೀರು ಬಿಟ್ಟು ಒಣಗಿ ಬಂದವರ ಕೈಯಲ್ಲಿ ನರ ಹುಡುಕುವುದು ಅವರಿಗೂ ಕಷ್ಟ, ನಮಗೂ ಕಷ್ಟ.

ಆದರೆ ನೀರು ಅಂದರೆ ಬರೀ ನೀರು. ಬೆಳಗ್ಗೆ ಎದ್ದು ಜೀರಿಗೆ ಕೊತ್ತಂಬರಿ ಕಷಾಯ ಕುಡಿದು ಬಂದು, "ಕಷಾಯ ಅಲ್ವಾ, ಔಷಧಿ ತಾನೆ" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಬೆಲ್ಲ ಇದೆ, ಹಾಲು ಇದೆ. ಉಪವಾಸ ಅಲ್ಲಿಗೇ ಮುರಿಯಿತು. ಸಕ್ಕರೆ ಹಾಕದ ಕಪ್ಪು ಕಾಫಿಯೂ ಬೇಡ. ಎಲೆ ಅಡಿಕೆ, ತಂಬಾಕು, ಬೀಡಿ, ಚ್ಯೂಯಿಂಗ್ ಗಮ್ ಬೇಡ. ಮದ್ಯ ಹಿಂದಿನ ದಿನವಿಡೀ ಬೇಡ.

ಉಪವಾಸ ಉದ್ದವಾದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಏಕಾದಶಿ ಪೂರ್ತಿ ಉಪವಾಸವಿದ್ದು ದ್ವಾದಶಿ ಬೆಳಗ್ಗೆ ಪಾರಣೆಗೆ ಮುಂಚೆ "ಹೇಗೂ ಹೊಟ್ಟೆ ಖಾಲಿ ಇದೆ" ಅಂತ ರಕ್ತ ಕೊಡಲು ಬರಬೇಡಿ. ಹದಿನಾಲ್ಕು ಗಂಟೆ ದಾಟಿದ ಮೇಲೆ ದೇಹದ ಲೆಕ್ಕಾಚಾರವೇ ಬದಲಾಗುತ್ತದೆ. ಹಾಗೇ ಮದುವೆ ಮನೆಯಲ್ಲಿ ಹೋಳಿಗೆ ತುಪ್ಪ ಹೊಡೆದ ಮಾರನೇ ದಿನ ಕೊಲೆಸ್ಟ್ರಾಲ್ ನೋಡಿಸುವುದೂ ಬೇಡ. ಎರಡು ಮೂರು ದಿನ ಮಾಮೂಲಿ ಊಟ ಮಾಡಿ ಬನ್ನಿ.

ಹಿಂದಿನ ದಿನದ ಕೆಲಸವೂ ರಿಪೋರ್ಟಿನಲ್ಲಿ ಕಾಣುತ್ತದೆ. ಇಡೀ ದಿನ ಅಡಿಕೆ ಮರ ಹತ್ತಿ ಕೊನೆ ತೆಗೆದವರ ರಕ್ತದಲ್ಲಿ ಸ್ನಾಯುವಿನಿಂದ ಬರುವ ಸಿಕೆ ಅನ್ನುವ ಅಂಶ ಏರಿರುತ್ತದೆ. ಲಿವರ್ ಟೆಸ್ಟಿನಲ್ಲಿ ಬರುವ ಎಸ್‌ಜಿಒಟಿ ಕೂಡ ಸ್ವಲ್ಪ ಏರಬಹುದು. ಮೂತ್ರದಲ್ಲಿ ಪ್ರೋಟೀನ್ ಕಾಣಿಸಬಹುದು. ಕೊಯ್ಲಿನ ಸಮಯದಲ್ಲಿ ಟೆಸ್ಟ್ ಇದ್ದರೆ ಒಂದೆರಡು ದಿನ ಬಿಡುವು ಮಾಡಿಕೊಂಡು ಬನ್ನಿ. ಆಗದಿದ್ದರೆ ಡಾಕ್ಟರಿಗೆ ಹೇಳಿಬಿಡಿ.

ಮಾತ್ರೆ ನುಂಗೋದಾ, ಬಿಡೋದಾ?

ಬಿಪಿ ಮಾತ್ರೆ, ಹೃದಯದ ಮಾತ್ರೆ, ಫಿಟ್ಸ್ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಸ್ವಲ್ಪ ನೀರಿನಲ್ಲಿ ನುಂಗಿ ಬನ್ನಿ. ಶುಗರ್ ಮಾತ್ರೆ ಮತ್ತು ಇನ್ಸುಲಿನ್ ಮಾತ್ರ ಬೇರೆ ಜಾತಿ. ಖಾಲಿ ಹೊಟ್ಟೆಯಲ್ಲಿ ಅದನ್ನು ತಗೊಂಡರೆ ಸಕ್ಕರೆ ಕುಸಿಯಬಹುದು. ಡಾಕ್ಟರು ಬೇರೆ ರೀತಿ ಹೇಳದಿದ್ದರೆ ರಕ್ತ ಕೊಟ್ಟ ಮೇಲೆ, ತಿಂಡಿಯ ಜೊತೆ ತಗೊಳ್ಳಿ. ದಾರಿಯಲ್ಲಿ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಉಪವಾಸದ ಹಟ ಬಿಟ್ಟು ತಕ್ಷಣ ಸಕ್ಕರೆ ಅಥವಾ ಬೆಲ್ಲ ಬಾಯಿಗೆ ಹಾಕಿ. ಟೆಸ್ಟ್ ನಾಳೆಯೂ ಮಾಡಬಹುದು.

ಥೈರಾಯ್ಡ್ ಮಾತ್ರೆಯನ್ನು ಅವತ್ತು ರಕ್ತ ಕೊಟ್ಟ ಮೇಲೆ ನುಂಗಿ. ನುಂಗಿದ ಕೆಲವು ಗಂಟೆ ರಕ್ತದಲ್ಲಿ ಟಿ4 ಅನ್ನುವ ಥೈರಾಯ್ಡ್ ಹಾರ್ಮೋನ್ ಏರಿ ಕಾಣುತ್ತದೆ.

ಯಾರೂ ಲೆಕ್ಕಕ್ಕೇ ಇಡದ ಒಂದು ಮಾತ್ರೆ ಇದೆ, ಬಯೋಟಿನ್. ಕೂದಲು ಉದುರುತ್ತದೆ ಅಂತ ತಗೊಳ್ಳುವುದು. ಇದರ ಡೋಸ್ ಜಾಸ್ತಿ ಇದ್ದರೆ ಕೆಲವು ಮಷಿನ್ನುಗಳಲ್ಲಿ ಥೈರಾಯ್ಡ್ ರಿಪೋರ್ಟ್ ಪೂರ್ತಿ ಉಲ್ಟಾ ಬರುತ್ತದೆ. ಹೃದಯಾಘಾತ ಕಂಡುಹಿಡಿಯುವ ಟ್ರೋಪೋನಿನ್ ಕೂಡ ಕಡಿಮೆ ತೋರಿಸಬಹುದು. ಡಾಕ್ಟರನ್ನು ಕೇಳಿ ಕಡಿಮೆ ಅಂದರೂ ಎರಡು ದಿನ ಮುಂಚೆ ನಿಲ್ಲಿಸಿ. ನಾಟಿ ಔಷಧಿ, ಲೇಹ್ಯ, ಕಬ್ಬಿಣಾಂಶದ ಮಾತ್ರೆ ಏನೇ ಇದ್ದರೂ ಒಂದು ಚೀಟಿಯಲ್ಲಿ ಬರೆದು ತನ್ನಿ. ಬೈಯುತ್ತಾರೆ ಅಂತ ನಾಟಿ ಔಷಧಿ ಮುಚ್ಚಿಡುವವರೇ ಜಾಸ್ತಿ. ಲಿವರ್ ಟೆಸ್ಟಿನಲ್ಲಿ ಅದೇ ಮುಖ್ಯ ಸುಳಿವು ಆಗಿರಬಹುದು.

ತಿಂಡಿಯ ನಂತರದ ಶುಗರ್

ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ. ಕೈ ತೊಳೆದ ಹೊತ್ತಿನಿಂದ ಎಣಿಸಿದರೆ ತಪ್ಪಾಗುತ್ತದೆ. ಎಂಟು ಗಂಟೆಗೆ ಮೊದಲ ತುತ್ತು ಅಂದರೆ ಹತ್ತಕ್ಕೆ ಸರಿಯಾಗಿ ಕೈ ಚಾಚಿ ಕೂತಿರಬೇಕು. ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಅವತ್ತು ಒಂದೇ ಇಡ್ಲಿ ತಿನ್ನುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ದಿನಾ ಮೂರು ಅಕ್ಕಿ ರೊಟ್ಟಿ ತಿನ್ನುವವರು ಅವತ್ತೂ ಮೂರು ತಿನ್ನಿ. ದಿನಾ ನುಂಗುವ ಮಾತ್ರೆಯನ್ನೂ ಎಂದಿನಂತೆ ತಗೊಳ್ಳಿ. ನಡುವೆ ಕಾಫಿ ಬೇಡ, ಪೇಟೆ ಸುತ್ತುವುದೂ ಬೇಡ.

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡುವ ಶುಗರ್ ಟೆಸ್ಟ್ ಬೇರೆ. ಊಟ ಆಗಿದ್ದರೂ ಆಗದಿದ್ದರೂ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಐದರಿಂದ ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಎರಡು ಗಂಟೆಯ ನಂತರ 140 ಅಥವಾ ಅದಕ್ಕಿಂತ ಮೇಲೆ ಬಂದರೆ ಗರ್ಭಿಣಿಯರ ಶುಗರ್ ಅಂತ ಲೆಕ್ಕ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಟೆಸ್ಟ್ ಬಿಟ್ಟು ಮಾರನೇ ದಿನ ಮತ್ತೆ ಮಾಡುತ್ತಾರೆ. ವಾಂತಿಯಾದದ್ದನ್ನು ಮುಚ್ಚಿಡಬೇಡಿ.

ರಕ್ತ ಕೊಡುವ ಹೊತ್ತು

ಬಸ್ ಇಳಿದು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ನೇರ ಕೈ ಚಾಚಬೇಡಿ. ಹತ್ತು ಹದಿನೈದು ನಿಮಿಷ ಕೂತುಕೊಳ್ಳಿ. ಚಳಿಗಾಲದ ಬೆಳಗ್ಗೆ ಬೈಕಿನಲ್ಲಿ ಬಂದವರ ನರ ಮುದುಡಿಕೊಂಡಿರುತ್ತದೆ. ಕೈಯನ್ನು ಬೆಚ್ಚಗೆ ಹೊದ್ದುಕೊಂಡು ಕೂತರೆ ತಾನಾಗಿ ಬಿಡುತ್ತದೆ.

ಸೂಜಿ ಹಾಕುವವರಿಗೆ ಮೊದಲೇ ಹೇಳಬೇಕಾದ ಮಾತುಗಳಿವೆ. ರಕ್ತ ನೋಡಿದರೆ ತಲೆ ಸುತ್ತುತ್ತದೆಯೇ? ಹಾಗಿದ್ದರೆ ಮಲಗಿಸಿಯೇ ತೆಗೆಯುತ್ತಾರೆ. ರಕ್ತ ತೆಳುವಾಗುವ ಮಾತ್ರೆ ಇದೆಯೇ? ಡಯಾಲಿಸಿಸ್‌ಗೆ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಕೈ ಯಾವುದು? ಸ್ತನದ ಆಪರೇಶನ್ ಆದ ಕಡೆಯ ಕೈ ಯಾವುದು? ಆ ಕೈಗಳಿಂದ ತೆಗೆಯಬಾರದು. ಡ್ರಿಪ್ ಹೋಗುತ್ತಿರುವ ಕೈಯಿಂದಲೂ ಬೇಡ, ಆ ನೀರು ಬೆರೆತು ಎಲ್ಲವೂ ತಪ್ಪು ಬರುತ್ತದೆ.

ಕೈ ಮುಷ್ಟಿ ಕಟ್ಟಿ, ಆದರೆ ಪದೇ ಪದೇ ಬಿಚ್ಚಿ ಕಟ್ಟಿ ಮಾಡಬೇಡಿ. ಹಾಗೆ ಮಾಡಿದರೆ ಪೊಟ್ಯಾಸಿಯಂ ಸುಮ್ನೆ ಏರುತ್ತದೆ. ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿಯಾಗಿ ಇರಬಾರದು.

ಟ್ಯೂಬುಗಳ ಮುಚ್ಚಳದ ಬಣ್ಣ ಒಂದು ಸಲ ನೋಡಿಕೊಳ್ಳಿ, ಚಂದಕ್ಕೆ ಅಂತ ಮಾಡಿದ್ದಲ್ಲ. ನೇರಳೆ ಮುಚ್ಚಳ ಸಿಬಿಸಿಗೆ, ಎಚ್‌ಬಿಎ1ಸಿಗೆ. ಕೆಂಪು ಅಥವಾ ಹಳದಿ ಮುಚ್ಚಳದ್ದು ಲಿವರ್, ಕಿಡ್ನಿ, ಥೈರಾಯ್ಡಿಗೆ. ನೀಲಿ ಮುಚ್ಚಳದ್ದು ರಕ್ತ ಹೆಪ್ಪುಗಟ್ಟುವ ಟೆಸ್ಟಿಗೆ, ಅದನ್ನು ಗೆರೆಯವರೆಗೂ ತುಂಬಲೇಬೇಕು. ಬೂದು ಮುಚ್ಚಳ ಶುಗರಿಗೆ. ಬೂದು ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ. ಅದಿಲ್ಲದಿದ್ದರೆ ರಕ್ತಕಣಗಳು ಟ್ಯೂಬಿನೊಳಗೇ ಸಕ್ಕರೆ ತಿನ್ನುತ್ತಾ ಕೂರುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಹಳ್ಳಿಯಲ್ಲಿ ತೆಗೆದು ಪೇಟೆಗೆ ತರುವ ರಕ್ತದಲ್ಲಿ ಇದು ದೊಡ್ಡ ವ್ಯತ್ಯಾಸ.

ಹೆಸರು, ವಯಸ್ಸು ಬರೆದ ಚೀಟಿಯನ್ನು ನಿಮ್ಮ ಮುಂದೆಯೇ ಟ್ಯೂಬಿಗೆ ಅಂಟಿಸಲಿ. ಒಂದೇ ಊರಲ್ಲಿ ಮೂವರು ಮಂಜುನಾಥರು, ನಾಲ್ವರು ಸಾವಿತ್ರಮ್ಮಂದಿರು ಇರುತ್ತಾರೆ. ಓದಿ ನೋಡಿ, ತಪ್ಪಿದ್ದರೆ ಅಲ್ಲೇ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೂಜಿ ತೆಗೆದ ಮೇಲೆ ಕೈ ಮಡಚಬೇಡಿ. ಕೈ ನೇರವಾಗಿಟ್ಟು ಹತ್ತಿಯನ್ನು ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗುವ ಮಾತ್ರೆ ಇದ್ದವರು ಐದು ನಿಮಿಷಕ್ಕೂ ಹೆಚ್ಚು ಒತ್ತಿ. ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ.

ಮೂತ್ರ: ಬಾಟಲಿಯಿಂದಲೇ ಶುರು

ಉಪ್ಪಿನಕಾಯಿ ಬಾಟಲಿ, ಕೆಮ್ಮಿನ ಔಷಧಿ ಬಾಟಲಿ, ಹಾರ್ಲಿಕ್ಸ್ ಡಬ್ಬಿ, ಎಲ್ಲವೂ ಕೌಂಟರಿಗೆ ಬಂದಿವೆ. ಒಬ್ಬರು ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಚೆನ್ನಾಗಿ ತೊಳೆದು ತಂದಿದ್ದರು. ಮುಚ್ಚಳ ತೆಗೆದರೆ ಇಂಗಿನ ವಾಸನೆ. ಸಿರಪ್ ಬಾಟಲಿಯ ಅಂಚಿನಲ್ಲಿ ಉಳಿದ ಔಷಧಿಯೂ ರಿಪೋರ್ಟನ್ನು ಕೆಡಿಸಬಹುದು. ಲ್ಯಾಬಿನಲ್ಲೋ ಮೆಡಿಕಲ್ ಶಾಪಿನಲ್ಲೋ ಡಬ್ಬಿ ಸಿಗುತ್ತದೆ, ಅದನ್ನೇ ತಗೊಳ್ಳಿ. ರೋಗಾಣು ಬೆಳೆಸಿ ನೋಡುವ ಕಲ್ಚರ್ ಟೆಸ್ಟಿಗೆ ಸೀಲ್ ಆದ ಸ್ಟೆರೈಲ್ ಡಬ್ಬಿಯೇ ಆಗಬೇಕು.

ತೆಗೆಯುವ ಕ್ರಮ ಹೀಗೆ. ಮೊದಲು ಕೈ ತೊಳೆಯಿರಿ. ಜಾಗವನ್ನು ನೀರಿನಿಂದ ತೊಳೆದುಕೊಳ್ಳಿ. ಹೆಂಗಸರು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಗಂಡಸರು ಮುಂದೊಗಲು ಹಿಂದೆ ಸರಿಸಿ ತೊಳೆಯಬೇಕು. ಮೊದಲು ಬರುವ ಸ್ವಲ್ಪವನ್ನು ಹೊರಗೆ ಬಿಡಿ. ನಿಲ್ಲಿಸದೆ, ಮಧ್ಯದ ಧಾರೆಯನ್ನು ಡಬ್ಬಿಗೆ ಹಿಡಿಯಿರಿ. ಅರ್ಧ ಡಬ್ಬಿ ಸಾಕು. ಕೊನೆಯದನ್ನು ಮತ್ತೆ ಹೊರಗೆ ಬಿಡಿ. ಡಬ್ಬಿಯ ಒಳಭಾಗಕ್ಕಾಗಲಿ ಮುಚ್ಚಳದ ಒಳಕ್ಕಾಗಲಿ ಬೆರಳು ತಾಗಬಾರದು. ಹೆಸರು ಮತ್ತು ಹಿಡಿದ ಸಮಯವನ್ನು ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ, ಮುಚ್ಚಳ ತೆಗೆದಿಟ್ಟ ಕೂಡಲೇ ಯಾರದ್ದು ಅಂತ ಗೊತ್ತಾಗುವುದಿಲ್ಲ.

ಮುಟ್ಟಿನ ದಿನಗಳಲ್ಲಿ ಸಾಧ್ಯವಾದರೆ ಮುಂದೂಡಿ, ಇಲ್ಲವೇ ಹೇಳಿ ಕೊಡಿ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೆ ಕೆಂಪು ಬಣ್ಣ ನೋಡಿ ಗಾಬರಿಯಾಗಬೇಡಿ, ಅದನ್ನೂ ಹೇಳಿಬಿಡಿ.

ಹೊರಗಿಟ್ಟ ಮೂತ್ರ ಒಂದೆರಡು ಗಂಟೆಯಲ್ಲಿ ಕೆಡಲು ಶುರುವಾಗುತ್ತದೆ. ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಸಕ್ಕರೆ ಇಳಿಯುತ್ತದೆ, ಕಣಗಳು ಒಡೆಯುತ್ತವೆ. ಇಲ್ಲದ ಸೋಂಕು ಇದೆ ಅಂತ ಕಾಣುತ್ತದೆ. ಕೂಡಲೇ ತಲುಪಿಸಲು ಆಗದಿದ್ದರೆ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಿ ಇಡಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಎರಡು ದಿನ ಕರೆಂಟ್ ಹೋಗುವುದು ಮಾಮೂಲು, ಆಗ ಫ್ರಿಜ್ ಬರೀ ಕಪಾಟು. ಹಾಗಾಗಿ ದೂರದವರಿಗೆ ನಾನು ಹೇಳುವುದು ಒಂದೇ: ಮನೆಯಿಂದ ತರಬೇಡಿ, ಲ್ಯಾಬಿನ ಶೌಚಾಲಯದಲ್ಲೇ ಹಿಡಿದು ಕೊಡಿ. ಬೆಳಗಿನ ಮೊದಲ ಮೂತ್ರವೇ ಬೇಕು ಅಂತ ಡಾಕ್ಟರು ಬರೆದಿದ್ದರೆ ಮಾತ್ರ ಹತ್ತಿರದ ಲ್ಯಾಬ್ ನೋಡಿಕೊಳ್ಳಿ.

24 ಗಂಟೆಯ ಮೂತ್ರ

ಇದರಲ್ಲಿ ತಪ್ಪುವವರೇ ಜಾಸ್ತಿ. ಉದಾಹರಣೆಗೆ ಭಾನುವಾರ ಬೆಳಗ್ಗೆ ಆರಕ್ಕೆ ಶುರು ಅಂತಿಟ್ಟುಕೊಳ್ಳಿ. ಆರು ಗಂಟೆಯ ಮೂತ್ರವನ್ನು ಹೊರಗೆ ಬಿಡಬೇಕು, ಸಮಯ ಬರೆದುಕೊಳ್ಳಬೇಕು. ಆಮೇಲಿನದ್ದೆಲ್ಲ ಕ್ಯಾನಿಗೆ. ಸೋಮವಾರ ಬೆಳಗ್ಗೆ ಆರಕ್ಕೆ ಮಾಡಿದ್ದನ್ನೂ ಕ್ಯಾನಿಗೆ ಸೇರಿಸಿ ಮುಗಿಸಬೇಕು. ನಡುವೆ ಒಂದು ಸಲ ಮರೆತರೂ ಮತ್ತೆ ಮೊದಲಿನಿಂದ. ತೋಟಕ್ಕೆ ಹೋಗುವವರು ಮಗ್ಗು ಕ್ಯಾನು ಹೊತ್ತು ತಿರುಗುವ ಬದಲು ಮನೆಯಲ್ಲಿರುವ ದಿನವನ್ನೇ ಆರಿಸಿಕೊಳ್ಳಿ. ಕ್ಯಾನಿನ ತಳದಲ್ಲಿ ದ್ರವವೋ ಪುಡಿಯೋ ಇದ್ದರೆ ತೊಳೆದು ಚೆಲ್ಲಬೇಡಿ. ಕೆಲವು ಟೆಸ್ಟಿಗೆ ಆಸಿಡ್ ಹಾಕಿ ಕೊಟ್ಟಿರುತ್ತಾರೆ. ಆದ್ದರಿಂದ ನೇರವಾಗಿ ಕ್ಯಾನಿಗೆ ಮಾಡದೆ ಮಗ್ಗಿನಲ್ಲಿ ಹಿಡಿದು ಸುರಿಯಿರಿ.

ಮಲ ಮತ್ತು ಕಫ

ಮಲಕ್ಕೆ ಮೂತ್ರವಾಗಲಿ ಶೌಚಾಲಯದ ನೀರಾಗಲಿ ಬೆರೆಯಬಾರದು. ಮೊದಲು ಮೂತ್ರ ಮಾಡಿ ಮುಗಿಸಿ, ಆಮೇಲೆ ಶುದ್ಧವಾದ ಪ್ಲಾಸ್ಟಿಕ್ ಹಾಳೆ ಹಾಸಿ ಹಿಡಿಯಿರಿ. ಡಬ್ಬಿಯ ಜೊತೆಗಿರುವ ಚಮಚದಲ್ಲಿ ಒಂದು ಗೋಟಡಿಕೆ ಗಾತ್ರದಷ್ಟು ತೆಗೆದರೆ ಸಾಕು. ರಕ್ತ ಅಥವಾ ಸಿಂಬಳದಂಥದ್ದು ಕಂಡರೆ ಆ ಭಾಗವನ್ನೇ ತಗೊಳ್ಳಿ. ಹರಳೆಣ್ಣೆ ಕುಡಿದು ಬಂದ ಮಲ ಈ ಟೆಸ್ಟಿಗೆ ಆಗುವುದಿಲ್ಲ.

ಕಫದಲ್ಲಿ ಉಗುಳಿಗೂ ಕಫಕ್ಕೂ ವ್ಯತ್ಯಾಸ ಇದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕ್ಷಯದ ಟೆಸ್ಟ್ ಮಾಡಿಸುತ್ತಾರೆ. ಬೆಳಗ್ಗೆ ಎದ್ದ ಕೂಡಲೇ, ಎಲೆ ಅಡಿಕೆ ಹಾಕುವ ಮೊದಲು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಮನೆಯವರಿಂದ ದೂರ, ಅಂಗಳಕ್ಕೆ ಬನ್ನಿ. ಎರಡು ಸಲ ದೀರ್ಘವಾಗಿ ಉಸಿರು ಎಳೆದು ಬಿಡಿ, ಮೂರನೇ ಸಲ ಎಳೆದು ಎದೆಯಾಳದಿಂದ ಕೆಮ್ಮಿ. ಗಟ್ಟಿ ಕಫ 2ರಿಂದ 5 ಮಿಲಿ ಬೇಕು. ನೊರೆ ನೊರೆಯಾದ ಎಂಜಲು ಬಂದರೆ ಮತ್ತೆ ಪ್ರಯತ್ನಿಸಿ. ಮುಚ್ಚಳ ಬಿಗಿಯಾಗಿ ಹಾಕಿ, ಕವರಿನಲ್ಲಿಟ್ಟು, ಬಿಸಿಲು ತಾಗದಂತೆ ತನ್ನಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟರೆ ಟೆಸ್ಟೂ ಉಚಿತ, ಔಷಧಿಯೂ ಉಚಿತ. ಕ್ಷಯ ಇದೆ ಅಂತ ಬಂದರೆ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರಿಗೆ ಮುಂಚೆ ಇದು 500 ಇತ್ತು.

ಜ್ವರ ಬಂದಾಗ: ಎಷ್ಟನೇ ದಿನ ಅನ್ನೋದೇ ಮುಖ್ಯ

ಮಲೆನಾಡಿನಲ್ಲಿ ಜ್ವರ ಅಂದರೆ ಒಂದಲ್ಲ. ಡೆಂಗ್ಯೂ, ಗದ್ದೆ ಕೆಲಸದವರಿಗೆ ಬರುವ ಇಲಿ ಜ್ವರ, ಬೇಸಿಗೆಯ ಹೊತ್ತಿಗೆ ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗು ಕಚ್ಚಿ ಬರುವುದು. ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ ಕಾಣಿಸುತ್ತದೆ.

ಈ ಜ್ವರಗಳಲ್ಲಿ ಟೆಸ್ಟ್ ಯಾವ ದಿನ ಮಾಡಿದಿರಿ ಅನ್ನುವುದರ ಮೇಲೆ ರಿಪೋರ್ಟ್ ನಿಲ್ಲುತ್ತದೆ. ಡೆಂಗ್ಯೂಗೆ ಮೊದಲ ಐದು ದಿನದಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1, ಐದನೇ ದಿನದ ಮೇಲೆ ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ. ಏಳನೇ ದಿನ ಎನ್‌ಎಸ್1 ಮಾತ್ರ ಮಾಡಿಸಿ "ನೆಗೆಟಿವ್ ಬಂತು, ಡೆಂಗ್ಯೂ ಅಲ್ಲ" ಅಂದುಕೊಂಡರೆ ಮೋಸಹೋಗುತ್ತೀರಿ. ಮಂಗನ ಕಾಯಿಲೆಗೂ ಹಾಗೇ. ಶುರುವಿನ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ. ಇಲಿ ಜ್ವರದ ಐಜಿಎಂ ಕೂಡ ಮೊದಲೆರಡು ದಿನದಲ್ಲಿ ನೆಗೆಟಿವ್ ಬರಬಹುದು. ಆದ್ದರಿಂದ ಜ್ವರ ಶುರುವಾದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಚೀಟಿಯಲ್ಲಿ ಬರೆಸಿ. ಕಾಡಿಗೆ ಸೊಪ್ಪಿಗೆ, ದರಗಿಗೆ (ಒಣಗಿದ ಎಲೆಗೆ) ಹೋಗಿದ್ದರೆ, ಸುತ್ತಮುತ್ತ ಮಂಗ ಸತ್ತದ್ದು ಕಂಡಿದ್ದರೆ, ಕೆಸರು ಗದ್ದೆಯಲ್ಲಿ ಗಾಯದ ಕಾಲಿನಲ್ಲಿ ನಿಂತಿದ್ದರೆ ಅದನ್ನೂ ಹೇಳಿ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಮಂಗನ ಕಾಯಿಲೆಯ ಸ್ಯಾಂಪಲ್ಲನ್ನು ಆರೋಗ್ಯ ಇಲಾಖೆಯವರೇ ತೆಗೆದು, ತಣ್ಣಗಿನ ಪೆಟ್ಟಿಗೆಯಲ್ಲಿ ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದನ್ನು ನೀವು ಹೊತ್ತು ತಿರುಗುವಂಥದ್ದಲ್ಲ. ಇಂಥ ಜ್ವರದಲ್ಲಿ ಮೈ ಬಿಸಿ ಇಳಿಸಲು ಪ್ಯಾರಾಸಿಟಮಾಲ್ ಸಾಕು. ಬ್ರೂಫೆನ್, ಆಸ್ಪಿರಿನ್ ಥರದ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು.

ಡೆಂಗ್ಯೂ ಕಾಲದಲ್ಲಿ ಪ್ಲೇಟ್‌ಲೆಟ್ ಗಾಬರಿ ಬೇರೆ. ಆರಾಮಾಗಿ ಓಡಾಡುತ್ತಿರುವವರಿಗೆ ಒಮ್ಮೆಗೇ 30 ಸಾವಿರ ಬಂತು ಅಂದರೆ, ಆಸ್ಪತ್ರೆಗೆ ಓಡುವ ದಾರಿಯಲ್ಲೇ ಒಂದು ಮಾತು ಕೇಳಿ: ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ರಾ? ನೇರಳೆ ಟ್ಯೂಬಿನ ರಕ್ತ ಸರಿಯಾಗಿ ಮಿಕ್ಸ್ ಆಗದೆ ಹೆಪ್ಪಾದರೆ, ಇಲ್ಲವೇ ಕೆಲವರಲ್ಲಿ ಆ ಟ್ಯೂಬಿನ ರಾಸಾಯನಿಕಕ್ಕೇ ಪ್ಲೇಟ್‌ಲೆಟ್ಟುಗಳು ಗುಂಪು ಕಟ್ಟಿದರೆ, ಮಷಿನ್ ಕಡಿಮೆ ಎಣಿಸುತ್ತದೆ.

ಕಲ್ಚರ್ ಟೆಸ್ಟ್ ಇದ್ದರೆ, ರಕ್ತದ್ದಾಗಲಿ ಮೂತ್ರದ್ದಾಗಲಿ, ಆಂಟಿಬಯೋಟಿಕ್ ಶುರುವಾಗುವ ಮೊದಲು ಸ್ಯಾಂಪಲ್ ಕೊಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಡೋಸ್ ನುಂಗಿ ಆಮೇಲೆ ಬಂದರೆ ಏನೂ ಬೆಳೆಯದೆ ಹೋಗಬಹುದು.

ಮನೆಗೇ ಬಂದು ತೆಗೆದುಕೊಂಡು ಹೋಗುವವರಿಗೆ ಕೇಳಬೇಕಾದ್ದು

ಈಗ ಬೈಕಿನಲ್ಲಿ ಬಂದು ಮನೆಯಲ್ಲೇ ರಕ್ತ ತೆಗೆಯುತ್ತಾರೆ. ವಯಸ್ಸಾದವರಿಗೆ ಅನುಕೂಲವೇ. ಆದರೆ ಕೇಳಿ: ಇಲ್ಲಿಂದ ಇನ್ನೆಷ್ಟು ಮನೆ? ಲ್ಯಾಬ್ ಮುಟ್ಟುವುದು ಎಷ್ಟು ಹೊತ್ತಿಗೆ? ಕೆಂಪು ಅಥವಾ ಹಳದಿ ಟ್ಯೂಬಿನ ರಕ್ತವನ್ನು ಸುಮಾರು ಎರಡು ಗಂಟೆಯೊಳಗೆ ಮಷಿನ್ನಿನಲ್ಲಿ ವೇಗವಾಗಿ ತಿರುಗಿಸಿ ಸೀರಮ್ ಅಂದರೆ ಮೇಲಿನ ತಿಳಿ ದ್ರವವನ್ನು ಬೇರ್ಪಡಿಸಬೇಕು. ತಡವಾದರೆ ಪೊಟ್ಯಾಸಿಯಂ ಏರುತ್ತದೆ. ಘಾಟಿಯ ತಿರುವುಗಳಲ್ಲಿ ಕುಲುಕಿ ಕಣಗಳು ಒಡೆದರಂತೂ ಇನ್ನೂ ಜಾಸ್ತಿ. ಶುಗರಿಗೆ ಬೂದು ಟ್ಯೂಬ್ ತಂದಿದ್ದಾರಾ ನೋಡಿ. ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ ತಣ್ಣಗಿನ ಪೆಟ್ಟಿಗೆ ಇದೆಯಾ ಕೇಳಿ.

ರಿಪೋರ್ಟ್ ಬಂದಾಗ ರಕ್ತ ತೆಗೆದ ಸಮಯ ಮತ್ತು ಲ್ಯಾಬಿಗೆ ತಲುಪಿದ ಸಮಯ ಎರಡೂ ಇದೆಯಾ ನೋಡಿ. ಸಂಖ್ಯೆ ಅನುಮಾನ ತರಿಸಿದರೆ ಅದೇ ದಿನ ಫೋನ್ ಮಾಡಿ. ಸ್ಯಾಂಪಲ್ ಇನ್ನೂ ಫ್ರಿಜ್ಜಿನಲ್ಲಿದ್ದರೆ ಮತ್ತೊಮ್ಮೆ ಓಡಿಸಿ ನೋಡಬಹುದು, ಇಲ್ಲದಿದ್ದರೆ ಹೊಸ ಸ್ಯಾಂಪಲ್ ಕೊಡಬೇಕಾಗುತ್ತದೆ. ಥೈರಾಯ್ಡ್, ಎಚ್‌ಬಿಎ1ಸಿಯಂಥ ಮತ್ತೆ ಮತ್ತೆ ಮಾಡಿಸುವ ಟೆಸ್ಟುಗಳನ್ನು ಆದಷ್ಟು ಒಂದೇ ಲ್ಯಾಬಿನಲ್ಲಿ, ಒಂದೇ ಹೊತ್ತಿಗೆ ಮಾಡಿಸಿ. ಹಳೇ ರಿಪೋರ್ಟುಗಳನ್ನು ಒಂದು ಫೈಲಿನಲ್ಲಿಟ್ಟು ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ತಗೊಂಡು ಹೋಗಿ.